ಬೆಳಗಿನ ದೋಣಿ

ಮಲೇಷ್ಯಾದ ತಮನ್ ನೆಗಾರಾ ಕಾಡಿನಲ್ಲಿ ಓಡಾಡಿದ ದಿನಗಳನ್ನು ಈಗ ನೆನೆದುಕೊಂಡರೆ, ಅಲ್ಲಿನ ಒಂದು ದಿನದ ಚಾರಣ ಸುಖವಾಗುವುದೂ ಪಡಿಪಾಟಲಾಗುವುದೂ ಒಂದೇ ತೀರ್ಮಾನದ ಮೇಲೆ ಅನ್ನಿಸುತ್ತದೆ: ದೋಣಿ ಮೊದಲೋ, ನಡಿಗೆ ಮೊದಲೋ. ಕುವಾಲಾ ತಹಾನ್ ಎಂಬ ಹಳ್ಳಿಯ ಎದುರು ದಡದಲ್ಲಿ ರಾಷ್ಟ್ರೀಯ ಉದ್ಯಾನದ ಕಚೇರಿ ಇದೆ. ಅಲ್ಲಿಂದ ತಹಾನ್ ಹೊಳೆಯ ಗುಂಟ 8-9 ಕಿ.ಮೀ. ಮೇಲಕ್ಕೆ ಹೋದರೆ ಲಾತಾ ಬೆರ್ಕೊ ಎಂಬಲ್ಲಿ ನೀರು ಬಂಡೆಗಳ ಮೇಲೆ ಹಂತಹಂತವಾಗಿ ಇಳಿಯುತ್ತದೆ. ಜೋಗ ನೋಡಿದ ಕಣ್ಣಿಗೆ ಅದು ಜಲಪಾತವೇ ಅಲ್ಲ; ಬಂಡೆಸಾಲಿನ ಒಂದು ರಭಸ, ಅದರ ಕೆಳಗೆ ಈಜಬಹುದಾದ ಆಳದ ಮಡು, ಅಷ್ಟೆ. ಅಲ್ಲಿಗೆ ಕಾಡಿನೊಳಗಿನ ಕಾಲುದಾರಿಯೂ ಇದೆ, ಮೋಟಾರು ಕಟ್ಟಿದ ಉದ್ದನೆಯ ಮರದ ದೋಣಿಯೂ ಹೋಗುತ್ತದೆ. ಒಂದು ಕಡೆಗೆ ನಡೆದು ಇನ್ನೊಂದು ಕಡೆಗೆ ದೋಣಿ ಹಿಡಿಯುವುದು ಯಾರಿಗಾದರೂ ಹೊಳೆಯುವ ಉಪಾಯ. ಬೆಳಗಿನ ತಂಪಿನಲ್ಲಿ ನಡೆದು ಹೋಗಿ, ಮಡುವಿನಲ್ಲಿ ಈಜಿ, ದಣಿವಾರಿಸಿಕೊಂಡು, ಸಂಜೆ ದೋಣಿಯಲ್ಲಿ ಕಾಲು ಚಾಚಿ ಕೂತು ಇಳಿದು ಬರುವ ಏರ್ಪಾಡೇ ಬಹಳ ಜನರಿಗೆ ಸಹಜವಾಗಿ ಕಾಣುತ್ತದೆ. ಕೇಳುವುದಕ್ಕೆ ಚೆಂದವಾಗಿಯೇ ಇದೆ. ನಾನು ಹೇಳುವುದು ಅದಕ್ಕೆ ಪೂರ್ತಿ ತಿರುವುಮುರುವು. ಬೆಳಿಗ್ಗೆಯೇ ದೋಣಿಯಲ್ಲಿ ಮೇಲಕ್ಕೆ ಹೋಗಬೇಕು, ನಡೆದು ಹಿಂದಿರುಗಬೇಕು, ಹೊಳೆಯ ಹಂಗು ಮಧ್ಯಾಹ್ನದೊಳಗೆ ಮುಗಿದುಹೋಗಬೇಕು.

ಕಾರಣ ಇರುವುದು ಹೊತ್ತಿನಲ್ಲಿ. ಈ ಕಾಡು ಭೂಮಧ್ಯರೇಖೆಗೆ ನಾಲ್ಕೈದು ಡಿಗ್ರಿಯಷ್ಟು ಹತ್ತಿರದಲ್ಲಿದೆ. ವರ್ಷದ ಯಾವ ತಿಂಗಳಲ್ಲಿ ಹೋದರೂ ಹಗಲು ಸುಮಾರು ಹನ್ನೆರಡು ಗಂಟೆಯದೇ. ಆದರೆ ನಮ್ಮ ರೂಢಿಯ ಗಡಿಯಾರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಲೇಷ್ಯಾದ ಪರ್ಯಾಯದ್ವೀಪ ಭಾಗ 1982ರ ಜನವರಿ 1ರಿಂದ ತನ್ನ ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ಬೋರ್ನಿಯೋ ಕಡೆಯ ಸಬಾ, ಸರವಾಕ್ ರಾಜ್ಯಗಳ ಸಮಯಕ್ಕೆ ಸೇರಿಕೊಂಡಿತು. ಹೀಗಾಗಿ ಅಲ್ಲಿ ಸೂರ್ಯ ಹುಟ್ಟುವುದು ಏಳರ ಆಸುಪಾಸಿಗೆ, ಮುಳುಗುವುದೂ ಏಳರ ಆಸುಪಾಸಿಗೆ. ನೆತ್ತಿಯ ಮೇಲೆ ಬರುವುದು ಒಂದು ಗಂಟೆ ಹೊಡೆದ ಮೇಲೆ. ಬಿಸಿಲಿಗೆ ಕಾದ ನೆಲದಿಂದ, ಎಲೆಗಳಿಂದ ಆವಿ ಮೇಲೆದ್ದು ಮೋಡ ಕಟ್ಟಿ ಸುರಿಯುವ ಮಳೆ ಆ ಸೀಮೆಯ ದಿನಚರಿ. ಆ ಮಳೆಗೆ ಮೂರರಿಂದ ಆರು ಗಂಟೆಯ ನಡುವಿನ ಹೊತ್ತು ಅಚ್ಚುಮೆಚ್ಚು. ಪ್ರತಿದಿನ ಬರುತ್ತದೆಂದಲ್ಲ, ಬಂದರೆ ಹೆಚ್ಚಾಗಿ ಆ ಹೊತ್ತಿಗೆ ಬರುತ್ತದೆ. ಸಂಜೆ ಏಳರವರೆಗೆ ಬೆಳಕಿದೆ ಎಂಬ ಸಮಾಧಾನವೂ ಹೊಳೆಯ ಮೇಲಿನ ಬಯಲಿಗೆ ಮಾತ್ರ ಅನ್ವಯಿಸುತ್ತದೆ. ಕಾಡಿನೊಳಗೆ, ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಮೋಡ ಮುಸುಕಿದ ದಿನ ಆರು ಗಂಟೆಗೇ ಬೇರು ಯಾವುದು, ಕಲ್ಲು ಯಾವುದು ಎಂದು ಕಣ್ಣಿಗೆ ತಿಳಿಯದು. ಅಲ್ಲಿ ಮುಸ್ಸಂಜೆ ಎನ್ನುವುದೇ ಬಲು ಚಿಕ್ಕದು. ಬಹಳ ಹೊತ್ತು ಉಳಿಯುವ ಬಣ್ಣದ ಆಕಾಶವನ್ನು ಕಾಯುತ್ತ ಕೂತವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಹೊಳೆಯ ಸ್ವಭಾವವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕುವಾಲಾ ತಹಾನಿನಲ್ಲಿ ಎರಡು ನೀರು ಸೇರುತ್ತವೆ. ತೆಂಬೆಲಿಂಗ್ ದೊಡ್ಡದು, ಮಣ್ಣಿನ ಬಣ್ಣದ್ದು. ಕೆಳಗೆ ಹೋಗಿ ಜೆಲಾಯ್ ನದಿಯೊಂದಿಗೆ ಕೂಡಿ ಪಹಾಂಗ್ ನದಿಯಾಗುತ್ತದೆ, ಪರ್ಯಾಯದ್ವೀಪದಲ್ಲೇ ಅತಿ ಉದ್ದದ ನದಿ ಅದು. ಅದಕ್ಕೆ ಬಂದು ಸೇರುವ ತಹಾನ್ ಚಿಕ್ಕದು, ಹಾಲು ಹಾಕದ ಚಹಾದ ಬಣ್ಣದ್ದು. ಕೊಳೆತ ಎಲೆಯ ಸತ್ವ ಇಳಿದಿರುವ ನೀರಾದರೂ ಅಡಿಯ ಉರುಟು ಕಲ್ಲುಗಳು ಕಾಣುವಷ್ಟು ತಿಳಿ. ಸಂಗಮದಲ್ಲಿ ಈ ಎರಡು ಬಣ್ಣಗಳು ಸ್ವಲ್ಪ ದೂರ ಬೆರೆಯದೆ ಪಕ್ಕಪಕ್ಕದಲ್ಲೇ ಹರಿಯುತ್ತವೆ. ಆ ಗೆರೆಯನ್ನು ದಿನವೂ ಗಮನಿಸುವ ಅಭ್ಯಾಸ ಮಾಡಿಕೊಂಡರೆ ಹೊಳೆ ಮಾತಾಡುತ್ತದೆ. ತಹಾನಿನ ತಿಳಿನೀರು ಕದಡಿ ಮಣ್ಣುಬಣ್ಣಕ್ಕೆ ತಿರುಗಿದ್ದರೆ ಮೇಲೆಲ್ಲೋ ಜೋರು ಮಳೆಯಾಗಿದೆ ಎಂದು ಅರ್ಥ. ನಾವು ನಿಂತಲ್ಲಿ ಬಿಸಿಲು ಸುಡುತ್ತಿದ್ದರೂ ಅದು ಸಾಧ್ಯ, ಏಕೆಂದರೆ ಆ ನೀರು ಬರುವುದು 2,187 ಮೀಟರ್ ಎತ್ತರದ ಗುನುಂಗ್ ತಹಾನ್ ಕಡೆಯ ಬೆಟ್ಟಸಾಲುಗಳಿಂದ. ಅಲ್ಲಿ ಸುರಿದ ಮಳೆಯನ್ನು ಇಲ್ಲಿ ನಿಂತವರು ನೋಡಲಾರರು. ಚಿಕ್ಕ ಹೊಳೆ ಏರುವುದೂ ಬೇಗ, ಇಳಿಯುವುದೂ ಬೇಗ. ಬೆಳಿಗ್ಗೆ ದೋಣಿಯ ತಳ ಕಲ್ಲಿಗೆ ಉಜ್ಜುವಷ್ಟು ಕಡಿಮೆ ಇದ್ದ ನೀರು ಸಂಜೆಗೆ ಕೆಂಪಾಗಿ, ಮುರಿದ ಟೊಂಗೆಗಳನ್ನು ಹೊತ್ತು ಬರಬಹುದು. ದೊಡ್ಡ ಪ್ರಮಾಣದಲ್ಲಿ ಇದು ಏನಾಗಬಹುದೆಂದು 2014ರ ಡಿಸೆಂಬರಿನ ಪ್ರವಾಹದಲ್ಲಿ ಪಹಾಂಗ್, ಕೆಲಂತಾನ್ ರಾಜ್ಯಗಳು ಕಂಡಿವೆ. ಕುವಾಲಾ ತಹಾನ್ ಕೂಡ ಆಗ ಮುಳುಗಿತ್ತು. ಆದರೆ ಒಂದು ದಿನದ ಚಾರಣ ಕೆಡಲು ಅಷ್ಟು ದೊಡ್ಡ ಪ್ರವಾಹವೇನೂ ಬೇಕಿಲ್ಲ. ಎರಡಡಿ ನೀರು ಏರಿದರೆ ಸಾಕು.

ಈಗ ಎರಡು ಕ್ರಮಗಳನ್ನೂ ಗಂಟೆಗೆ ಗಂಟೆ ಹಚ್ಚಿ ನೋಡೋಣ. ಮೊದಲಿನದು ರೂಢಿಯದು. ಒಂಬತ್ತಕ್ಕೆ ನಡೆಯಲು ಹೊರಟರೆ, ಆ ದಾರಿಯಲ್ಲಿ ಗಂಟೆಗೆ ಎರಡು ಕಿ.ಮೀ.ಗಿಂತ ಹೆಚ್ಚು ಸಾಗುವುದಿಲ್ಲವೆಂದು ಹಿಡಿದರೆ, ಬಂಡೆಸಾಲು ಮುಟ್ಟುವಾಗ ಒಂದೂವರೆ. ಊಟ, ಈಜು, ವಿಶ್ರಾಂತಿ ಮುಗಿಯುವಾಗ ಮೂರು. ದೋಣಿ ಬರಬೇಕಾದ ಹೊತ್ತೂ ಮಳೆ ಬರುವ ಹೊತ್ತೂ ಒಂದೇ. ನಾಲ್ಕಾದರೂ ದೋಣಿ ಬಾರದಿದ್ದರೆ ಕಾಯಬೇಕೋ ನಡೆಯಬೇಕೋ ಎಂಬ ಪ್ರಶ್ನೆ ಏಳುತ್ತದೆ. ನಡೆದರೆ ಕಚೇರಿ ತಲುಪುವುದು ರಾತ್ರಿ ಎಂಟೂವರೆಗೆ, ಅದೂ ಒಣಗಾಲಿನ ಲೆಕ್ಕದಲ್ಲಿ. ಇದರ ಜತೆಗೆ ಇನ್ನೊಂದು ತೊಡಕಿದೆ. ಕಾಲುದಾರಿ ಬಂಡೆಸಾಲನ್ನು ಸೇರುವ ಮುನ್ನ ಒಂದು ಕಡೆ ಹೊಳೆ ದಾಟಬೇಕು; ಸೇತುವೆಯಿಲ್ಲ, ನೀರಿಗಿಳಿದೇ ದಾಟಬೇಕು. ಬೆಳಿಗ್ಗೆ ಮೊಣಕಾಲಿಗೆ ಬಂದ ನೀರು ಸಂಜೆ ಸೊಂಟಕ್ಕೆ ಬಂದರೆ ದೋಣಿಯೂ ಇಲ್ಲ, ದಾರಿಯೂ ಇಲ್ಲ ಎಂಬ ಸ್ಥಿತಿ. ಎರಡನೆಯ ಕ್ರಮ ಹೀಗೆ. ಎಂಟೂವರೆಗೆ ದೋಣಿ ಹತ್ತಿದರೆ ಒಂದು ಗಂಟೆಯೊಳಗೆ ಬಂಡೆಸಾಲಿನ ಕೆಳಗೆ ಇಳಿಯುತ್ತೇವೆ. ಹನ್ನೊಂದರವರೆಗೆ ಅಲ್ಲಿರಬಹುದು. ದೋಣಿಯವರಿಗೆ ಕಾದಿರಲು ಮೊದಲೇ ಹೇಳಿದ್ದರೆ, ಹಿಂದಿರುಗುವಾಗ ಹೊಳೆ ದಾಟುವ ಜಾಗ ಕಳೆದು ಕಚೇರಿ ಇರುವ ಕಡೆಯ ದಡದಲ್ಲೇ ಇಳಿಸಿಕೊಡಲು ಕೇಳಬಹುದು. ಅಲ್ಲಿಂದ ಮುಂದೆ ಹೊಳೆ ಏರಲಿ, ಇಳಿಯಲಿ, ನಮಗೆ ಅದರ ಗೊಡವೆಯಿಲ್ಲ. ನಿಧಾನವಾಗಿ ನಡೆದರೂ ನಾಲ್ಕರ ಸುಮಾರಿಗೆ ಕಚೇರಿ ಸೇರುತ್ತೇವೆ. ಕತ್ತಲಾಗಲು ಇನ್ನೂ ಎರಡು ಮೂರು ಗಂಟೆ ಇರುತ್ತದೆ. ಎರಡೂ ಕ್ರಮಗಳಲ್ಲಿ ನಡೆಯುವ ದೂರ ಹೆಚ್ಚುಕಡಿಮೆ ಒಂದೇ, ದೋಣಿಯ ಬಾಡಿಗೆಯಲ್ಲೂ ಅಂಥ ವ್ಯತ್ಯಾಸವಿರಲು ಕಾರಣವಿಲ್ಲ. ಬದಲಾಗುವುದು ಇಷ್ಟೇ: ಮೊದಲಿನದರಲ್ಲಿ ಎಡವಟ್ಟಾದರೆ ಅದು ದಿನದ ಕೊನೆಗೆ, ದೂರದ ತುದಿಯಲ್ಲಿ ಆಗುತ್ತದೆ. ಎರಡನೆಯದರಲ್ಲಿ ಎಡವಟ್ಟಾಗುವುದಿದ್ದರೆ ಬೆಳಿಗ್ಗೆಯೇ, ಕಚೇರಿಯ ದಡದಲ್ಲೇ ಆಗುತ್ತದೆ. ಆಗ ದೋಣಿ ಹೊರಡದಿದ್ದರೆ ಇನ್ನೊಂದು ಕಪ್ ಚಹಾ ಕುಡಿದು ಬೇರೆ ದಾರಿ ನೋಡಿಕೊಂಡರಾಯಿತು.

ಗಂಟೆಗೆ ಎರಡು ಕಿ.ಮೀ. ಎಂದರೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಐದಾರು ಕಿ.ಮೀ. ನಡೆಯುವವರು ಮೂಗು ಮುರಿಯುತ್ತಾರೆ. ಆ ದಾರಿಯ ನೆಲವನ್ನು ಹತ್ತಿರದಿಂದ ನೋಡಿದರೆ ಅನುಮಾನ ಉಳಿಯದು. ಮರದ ಬೇರುಗಳು ನೆಲದೊಳಗೆ ಇಳಿಯದೆ ಮೇಲೇ ಹರಡಿಕೊಂಡಿವೆ, ಏಕೆಂದರೆ ಅಲ್ಲಿನ ಮಣ್ಣಿನ ಸಾರವೆಲ್ಲ ಮೇಲಿನ ತೆಳು ಪದರದಲ್ಲೇ ಇದೆ. ಮಳೆ ಬಿದ್ದ ಬೇರು ಸೋಪು ಹಚ್ಚಿದಂತೆ ಜಾರುತ್ತದೆ. ಬೇರು ತಪ್ಪಿಸಿದರೆ ಕೆಸರು, ಕೆಸರು ತಪ್ಪಿಸಲು ಪಕ್ಕದ ಗಿಡ ಹಿಡಿದರೆ ಅದು ಮುಳ್ಳುಬೆತ್ತ. ಬೆತ್ತದ ಬಳ್ಳಿಯ ತುದಿಯಲ್ಲಿ ಗಾಳದಂಥ ಕೊಕ್ಕೆಗಳ ಸಾಲಿರುತ್ತದೆ. ಅಂಗಿಗೆ ಸಿಕ್ಕಿಕೊಂಡರೆ ಮುಂದಕ್ಕೆ ಎಳೆದಷ್ಟೂ ಬಿಗಿಯುತ್ತದೆ, ಒಂದು ಹೆಜ್ಜೆ ಹಿಂದಕ್ಕೆ ಹೋಗಿಯೇ ಬಿಡಿಸಿಕೊಳ್ಳಬೇಕು. ಚಿಕ್ಕಚಿಕ್ಕ ಕೊರಕಲುಗಳಿಗೆ ಇಳಿದು ಹತ್ತುವುದು ನಕ್ಷೆಯಲ್ಲಿ ಕಾಣುವುದೇ ಇಲ್ಲ. ಸೆಕೆಗೆ ಬೆವರು ಆರದು, ಕುಡಿದ ನೀರೆಲ್ಲ ಅಂಗಿಗೆ. ಅಲ್ಲಿನ ಮಾರ್ಗದರ್ಶಿಗಳು ಹಾಕುವುದು ಸಾವಿರಾರು ರೂಪಾಯಿಯ ಚಾರಣದ ಬೂಟನ್ನಲ್ಲ; ‘ಅಡಿಡಾಸ್ ಕಂಪೋಂಗ್’ (ಹಳ್ಳಿಯ ಅಡಿಡಾಸ್) ಎಂದು ತಮಾಷೆಯಾಗಿ ಕರೆಯುವ, ಅಡಿಯಲ್ಲಿ ಗುಬಟುಗಳಿರುವ ಕರಿ ರಬ್ಬರಿನ ಶೂ. ರಬ್ಬರ್ ಟ್ಯಾಪಿಂಗ್ ಮಾಡುವವರು, ತೋಟದ ಕೆಲಸದವರು ಹಾಕುವಂಥದ್ದು. ನೀರು ಒಳಗೆ ಹೋದರೆ ಹೊರಗೂ ಬರುತ್ತದೆ, ಬೇರಿನ ಮೇಲೆ ಹಿಡಿತ ಸಿಗುತ್ತದೆ. ದುಬಾರಿ ಬೂಟಿಗಿಂತ ಇದು ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಇಷ್ಟು ಸರಳ ಲೆಕ್ಕ ಜನರಿಗೇಕೆ ಹೊಳೆಯುವುದಿಲ್ಲ ಎಂದು ಯೋಚಿಸಿದಾಗ, ನೆನಪೇ ಇದಕ್ಕೆ ಹೊಣೆ ಎಂದು ತೋರುತ್ತದೆ. ಪ್ರವಾಸದ ಯೋಜನೆಯನ್ನು ನಾವು ಮಾಡುವುದು ಇನ್ನೊಬ್ಬರ ನೆನಪಿನಿಂದ. ಅವರು ಹೇಳಿದ ಕಥೆ, ತೋರಿಸಿದ ಫೋಟೋ. ನೆನಪಿಗೆ ತುದಿಗಳ ಮೇಲೆ ಮೋಹ. ಮಡು ಉಳಿಯುತ್ತದೆ, ದೋಣಿ ಉಳಿಯುತ್ತದೆ, ನಡುವಿನ ನಾಲ್ಕು ಗಂಟೆಗಳ ಕೆಸರು ಕರಗಿಹೋಗುತ್ತದೆ. ನನ್ನದೇ ನೆನಪನ್ನು ಪರೀಕ್ಷಿಸಿದರೂ ಆ ದಾರಿ ಅಷ್ಟು ಉದ್ದವಿರಲಿಲ್ಲ ಎಂದೇ ಅದು ಹೇಳುತ್ತದೆ. ನಕ್ಷೆಯ ಜತೆ ಹೋಲಿಸಿದರೆ ಅದು ಸುಳ್ಳೆಂದು ಗೊತ್ತಾಗುತ್ತದೆ. ಸಂಜೆ ದೋಣಿಯಲ್ಲಿ ಇಳಿದು ಬಂದವರು ಹತ್ತರಲ್ಲಿ ಒಂಬತ್ತು ಜನ ಸುಖವಾಗಿಯೇ ಬಂದಿರುತ್ತಾರೆ. ಅವರ ಕಥೆ ಸುಳ್ಳಲ್ಲ, ಆದರೆ ಅದು ಮಳೆ ಬಾರದ ದಿನದ ಕಥೆ. ಯೋಜನೆ ಮಾಡಬೇಕಾದ್ದು ಮಳೆ ಬಂದ ದಿನಕ್ಕಾಗಿ. ನೆನಪಿನ ಬರಹ ಬರೆಯುವವರು ಈ ಒಂದು ವಿಷಯದಲ್ಲಾದರೂ ತಮ್ಮ ನೆನಪಿನ ಮೇಲೆ ಸ್ವಲ್ಪ ಅಪನಂಬಿಕೆ ಇಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಕ್ರಮಕ್ಕೆ ಇರುವ ಆಕ್ಷೇಪಗಳಲ್ಲಿ ತೂಕದ್ದು ಇದು: ಕಾಡು ಎಚ್ಚರವಾಗಿರುವುದು ಬೆಳಿಗ್ಗೆ. ಗಿಬ್ಬನ್‌ಗಳ ಕೂಗು ಕೇಳುವುದು ಆಗ, ಮಂಗಟ್ಟೆ ಹಕ್ಕಿಗಳು ರೆಕ್ಕೆಯ ಸದ್ದು ಮಾಡುತ್ತ ಹಾರುವುದೂ ಆಗಲೇ. ಆ ಹೊತ್ತನ್ನು ಮೋಟಾರಿನ ಗದ್ದಲದಲ್ಲಿ ಕಳೆದು, ಹಕ್ಕಿಗಳೆಲ್ಲ ಸುಮ್ಮನಾದ ನಡುಮಧ್ಯಾಹ್ನ ನಡೆಯುವುದೆಂದರೆ ಕಾಡನ್ನು ಕಳೆದುಕೊಂಡಂತೆ ಎನ್ನುತ್ತಾರೆ. ಹಕ್ಕಿಗಳ ಮಟ್ಟಿಗೆ ಇದು ನಿಜ, ಒಪ್ಪುತ್ತೇನೆ. ಹಕ್ಕಿಗಾಗಿಯೇ ಹೋಗುವವರು ಬಂಡೆಸಾಲಿನ ಆಸೆ ಬಿಟ್ಟು, ಏಳೂವರೆಗೆ ಕಚೇರಿಯ ಹತ್ತಿರದ ಹಲಗೆದಾರಿಗಳಲ್ಲಿ ನಿಧಾನವಾಗಿ ಅಡ್ಡಾಡುವುದೇ ಲೇಸು. ದೊಡ್ಡ ಪ್ರಾಣಿಗಳ ಮಾತು ಬೇರೆ. ಆನೆ, ಹುಲಿ, ಟೇಪಿರ್ ಎಲ್ಲವೂ ಆ ಕಾಡಿನಲ್ಲಿವೆ, ಆದರೆ ನಾಗರಹೊಳೆಯ ಬಯಲುಗಳಲ್ಲಿ ಕಾಣುವಂತೆ ಅಲ್ಲಿ ಕಾಣುವುದಿಲ್ಲ. ಹತ್ತು ಮಾರು ಆಚೆಗೆ ಎಲೆಗೋಡೆ. ಹೆಜ್ಜೆ, ಲದ್ದಿ, ಕೆರೆದ ಮರ ಇವಷ್ಟೇ ಸಿಗುವುದು, ಅವು ಮಧ್ಯಾಹ್ನವೂ ಅಲ್ಲೇ ಇರುತ್ತವೆ. ಬೆಳಗಿನ ತಂಪು ಎನ್ನುವುದರಲ್ಲೂ ಅರ್ಧ ಮಾತ್ರ ಸತ್ಯ. ಬೆಳಿಗ್ಗೆ ಗಾಳಿಯಲ್ಲಿ ತೇವ ಇನ್ನೂ ಹೆಚ್ಚಿರುವುದರಿಂದ ಬೆವರು ಹರಿಯುವುದರಲ್ಲಿ ಅಂಥ ಉಳಿತಾಯವಿಲ್ಲ. ನಡುಹಗಲಿನ ಬಿಸಿಲು ನಿಜವಾಗಿ ಸುಡುವುದು ಹೊಳೆಯ ಮೇಲೆ, ನೆರಳಿಲ್ಲದ ದೋಣಿಯಲ್ಲಿ. ಇನ್ನು ಉಂಬಳ. ಮಧ್ಯಾಹ್ನದ ಮಳೆಯಲ್ಲಿ ನಡೆದರೆ ಉಂಬಳ ಹೆಚ್ಚು ಹತ್ತುತ್ತವೆ ಎಂಬುದು ಖಂಡಿತ. ಅಲ್ಲಿ ಎರಡು ಜಾತಿ. ಕಂದುಬಣ್ಣದ್ದು ಕಚ್ಚಿದ್ದು ತಿಳಿಯುವುದೇ ಇಲ್ಲ. ಎಲೆಯ ತುದಿಯಲ್ಲಿ ಎದ್ದು ನಿಂತು ಕಾಯುವ ಹಳದಿ ಪಟ್ಟೆಯದನ್ನು ಹುಲಿ ಉಂಬಳ ಎನ್ನುತ್ತಾರೆ, ಅದು ಚುರುಕ್ ಎನ್ನಿಸಿಯೇ ಕಚ್ಚುತ್ತದೆ. ಮಲೆನಾಡಿನವರ ಸುಣ್ಣ, ಹೊಗೆಸೊಪ್ಪು, ಉಪ್ಪಿನ ಗಂಟು ಅಲ್ಲೂ ಕೆಲಸ ಮಾಡುತ್ತವೆ. ಕತ್ತಲಲ್ಲಿ ಹೊಳೆ ದಾಟುವುದಕ್ಕಿಂತ ನಾಲ್ಕು ಉಂಬಳಕ್ಕೆ ರಕ್ತ ಕೊಡುವುದು ಅಗ್ಗ.

ದೋಣಿಯವರು ಸ್ಥಳೀಯರು, ಹೊಳೆಯನ್ನು ಅಂಗೈಯಂತೆ ಬಲ್ಲವರು, ಬರುತ್ತೇನೆಂದ ಮೇಲೆ ಬಂದೇ ಬರುತ್ತಾರೆ ಎಂಬುದು ಇನ್ನೊಂದು ಮಾತು. ಅವರ ಬಲ್ಲತನದ ಬಗ್ಗೆ ನನಗೆ ಎರಡು ಮಾತಿಲ್ಲ. ನೀರು ಕಡಿಮೆಯಿದ್ದಾಗ ಒಬ್ಬ ಹಿಂದೆ ಮೋಟಾರು ಹಿಡಿದರೆ ಇನ್ನೊಬ್ಬ ಮುಂದೆ ಗಳ ಊರಿ ನಿಂತು, ಕಲ್ಲುಗಳ ನಡುವಿನ ಒಂದೇ ಒಂದು ಆಳದ ಗೆರೆಯಲ್ಲಿ ದೋಣಿಯನ್ನು ಹಾಯಿಸುವುದು ನೋಡುವಂಥ ಕೆಲಸ. ಆ ದೋಣಿಗಳ ಅಂಚು ನೀರಿನಿಂದ ಒಂದು ಗೇಣಿನಷ್ಟು ಮೇಲಿದ್ದರೆ ಹೆಚ್ಚು. ಇಷ್ಟು ಬಲ್ಲವರಾದ್ದರಿಂದಲೇ ಅವರು ಹೊಳೆ ಕೆಂಪಾದಾಗ ದೋಣಿ ಇಳಿಸುವುದಿಲ್ಲ. ಬಾರದಿರುವುದು ಅಲ್ಲಿ ಮಾತು ತಪ್ಪಿದಂತಲ್ಲ, ಕಸುಬು ತಿಳಿದಿರುವುದರ ಗುರುತು. ಶರಾವತಿ ಹಿನ್ನೀರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ, 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯುವವರೆಗೆ, ಸಾಗರದ ಸಂತೆಗಾಗಲಿ ಆಸ್ಪತ್ರೆಗಾಗಲಿ ಹೋಗುವ ತುಮರಿ ಸೀಮೆಯವರ ದಿನ ಶುರುವಾಗುತ್ತಿದ್ದುದೇ ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಯಿಂದ. ಲಾಂಚಿನ ಹೊತ್ತಿನಿಂದ ಹಿಂದಕ್ಕೆ ಎಣಿಸಿಯೇ ಮದುವೆಯ ಊಟಕ್ಕೆ ಏಳುತ್ತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಲಾಂಚಿನ ಓಡಾಟಕ್ಕೇ ತೊಡಕು. ದಿನದ ಕೊನೆಗೆ ನೀರಿನ ಮೇಲೆ ಅವಲಂಬಿಸುವುದು ಎಂದರೇನು ಎಂಬುದು ಅವರಿಗೆ ಅರ್ಧ ಶತಮಾನದ ಅನುಭವ. ಅವರಿಗೆ ಬೇರೆ ದಾರಿಯಿರಲಿಲ್ಲ. ಲಾತಾ ಬೆರ್ಕೊಗೆ ಹೋಗುವವರಿಗೆ ದಾರಿಯಿದೆ, ಕ್ರಮ ಬದಲಿಸಿದರೆ ಆಯಿತು.

ಮಾರ್ಗದರ್ಶಿ ಇದ್ದಾನಲ್ಲ, ಫೋನಿದೆಯಲ್ಲ ಎನ್ನುವವರೂ ಇದ್ದಾರೆ. ಕಾಡಿನೊಳಗೆ ಸ್ವಲ್ಪ ದೂರ ಹೋಗುವುದರೊಳಗೆ ಫೋನಿನ ಸಿಗ್ನಲ್ ಮಾಯ. ಜಿಪಿಎಸ್ ನಾವೆಲ್ಲಿದ್ದೇವೆಂದು ಹೇಳೀತು, ಹೊಳೆ ಎಷ್ಟು ಏರಿದೆಯೆಂದು ಹೇಳದು. ಮಾರ್ಗದರ್ಶಿ ಖಂಡಿತ ಬೇಕು. ಅವನ ಬೆಲೆ ಇರುವುದು ಸಂಜೆ ನಮ್ಮನ್ನು ಕಷ್ಟದಿಂದ ಪಾರು ಮಾಡುವುದರಲ್ಲಿ ಎಂದುಕೊಂಡರೆ ಅವನನ್ನು ತಪ್ಪಾಗಿ ಬಳಸಿದಂತೆ. ಬೆಳಿಗ್ಗೆ ನೀರು ನೋಡಿ ಹೋಗೋಣ ಅಥವಾ ಬೇಡ ಎನ್ನುವುದರಲ್ಲಿ ಅವನ ನಿಜವಾದ ಉಪಯೋಗವಿದೆ. ಸರವಾಕ್‌ನ ಮುಲು ಉದ್ಯಾನದಲ್ಲಿ ಸುಣ್ಣಕಲ್ಲಿನ ಚೂಪು ಶಿಖರಗಳನ್ನು ನೋಡಲು ಹತ್ತುವವರು ಬೆಳಗಿನ ಹನ್ನೊಂದರೊಳಗೆ ಮೇಲೆ ತಲುಪದಿದ್ದರೆ ಹಿಂದಿರುಗಿಸುವ ಪದ್ಧತಿಯಿದೆ. ಎಷ್ಟು ಹತ್ತಿರ ಬಂದಿದ್ದರೂ ಸರಿಯೆ. ಆ ನಿಯಮವನ್ನು ಶಪಿಸಿದವರನ್ನು ಬೇಕಾದಷ್ಟು ಕೇಳಿದ್ದೇನೆ. ನನಗೆ ಅದು ಮಳೆಕಾಡಿನ ಚಾರಣಕ್ಕೆ ಮಾಡಿದ ಅತ್ಯಂತ ವಿವೇಕದ ನಿಯಮವಾಗಿ ಕಾಣುತ್ತದೆ, ಏಕೆಂದರೆ ಅದು ದಣಿದವರ ಕೈಗೆ ತೀರ್ಮಾನ ಬಿಡುವುದಿಲ್ಲ. ತಮನ್ ನೆಗಾರಾದ ಆ ಭಾಗದ ಮೂಲನಿವಾಸಿಗಳಾದ ಬಾಟೆಕ್ ಜನರಂತೂ ಕಾಡಿನ ಜಾಗಗಳನ್ನು ಗುರುತಿಸುವುದೇ ಹೊಳೆಗಳ ಮೂಲಕ; ಯಾವ ಹೊಳೆ ಯಾವುದಕ್ಕೆ ಸೇರುತ್ತದೆ ಎಂಬುದೇ ಅವರ ನಕ್ಷೆ. ಕಾಡಿನಲ್ಲೇ ಬದುಕುವವರು ಹೊಳೆಯನ್ನು ಅಷ್ಟು ಮುಖ್ಯವೆಂದು ಹಿಡಿದಿರುವಾಗ, ಒಂದು ದಿನಕ್ಕೆ ಬಂದವರು ಅದನ್ನು ಟ್ಯಾಕ್ಸಿಯೆಂದು ತಿಳಿಯುವುದು ಸರಿಯಲ್ಲ. (ಬಾಟೆಕ್ ಹಾಡಿಗಳಿಗೆ ದೋಣಿಯಲ್ಲಿ ಕರೆದೊಯ್ದು ಊದುಕೊಳವೆ ಊದಿಸಿ ತೋರಿಸುವ ಪ್ರವಾಸವೂ ಅಲ್ಲಿ ಚಾಲ್ತಿಯಲ್ಲಿದೆ. ಅದನ್ನು ಈ ದಿನದ ಯೋಜನೆಗೆ ತುರುಕಬೇಡಿ ಎಂಬುದಷ್ಟೇ ನನ್ನ ಮಾತು. ಹೊತ್ತಿಲ್ಲ, ಮನುಷ್ಯರನ್ನು ನೋಡಲು ಹೋಗುವ ರೀತಿಯೂ ಅದಲ್ಲ.)

ಕನ್ನಡದ ಓದುಗರಿಂದ ಬರಬಹುದಾದ ಆಕ್ಷೇಪ ಬೇರೆಯೇ ಇದೆ. ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರಿನಿಂದ ವೀಸಾ ಇಲ್ಲದೆ ಪ್ರವೇಶ ಕೊಟ್ಟ ಮೇಲೆ ಬೆಂಗಳೂರಿನಿಂದ ಹೋಗುವುದು ಸುಲಭವಾಗಿದೆ, ಹೋಗುವವರಲ್ಲಿ ಮಲೆನಾಡು, ಕರಾವಳಿಯವರೂ ಇದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುವ ಮಳೆ ನೋಡಿದವರಿಗೆ, ಅದರ ಅರ್ಧವೂ ಬೀಳದ ಕಾಡಿನ ಮಳೆಯ ಬಗ್ಗೆ ಪಾಠ ಹೇಳುವುದೇ ಎಂದು ಅವರು ಕೇಳಬಹುದು. ನಿಜವಾಗಿ ಎಡವುವುದು ಇಲ್ಲಿಯೇ. ಮಲೆನಾಡಿನ ಮಳೆ ತಿಂಗಳುಗಳ ಲೆಕ್ಕದ್ದು. ಮೃಗಶಿರದಲ್ಲಿ ಹಿಡಿದರೆ ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಹೆಸರಿನಲ್ಲೇ ಅದರ ಜೋರು ಗೊತ್ತಿರುತ್ತದೆ. ಆಗ ಹೊಳೆಯ ಕಡೆ ಯಾರೂ ಚಾರಣಕ್ಕೆ ಹೋಗುವುದಿಲ್ಲ. ಜನವರಿಯಲ್ಲಿ ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೊರಟವರು ಮಳೆಯ ಯೋಚನೆಯನ್ನೇ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ತಮನ್ ನೆಗಾರಾದಲ್ಲಿ ಈಶಾನ್ಯ ಮಾನ್ಸೂನಿನ ತಿಂಗಳುಗಳು ಇರುವುದು ನಿಜ, ಆದರೆ ಉಳಿದ ತಿಂಗಳುಗಳು ನಮ್ಮ ಅರ್ಥದಲ್ಲಿ ಬೇಸಿಗೆಯಲ್ಲ. ಜೂನ್‌ನಲ್ಲೂ ಒಂದು ಮಧ್ಯಾಹ್ನ ಎರಡು ಗಂಟೆ ಕಾಲ ಹೊಡೆದು ಸುರಿಯಬಹುದು. ‘ಸೀಸನ್ ನೋಡಿಕೊಂಡು ಹೋಗಿದ್ದೇವೆ’ ಎಂಬ ನಮ್ಮ ಊರಿನ ಭರವಸೆ ಅಲ್ಲಿ ಸಾಲದು. ಮಳೆಯನ್ನು ಚೆನ್ನಾಗಿ ಬಲ್ಲವರಾದ್ದರಿಂದಲೇ ಮಲೆನಾಡಿನವರು ಇನ್ನೂ ಹೆಚ್ಚು ಹುಷಾರಾಗಿರಬೇಕು.

ಇಷ್ಟೆಲ್ಲ ಗಂಟೆ ನಿಮಿಷ ಎಣಿಸಿ ಹೊರಟರೆ ಕಾಡಿನ ಸೊಗಸೇ ಹೋಯಿತಲ್ಲ ಎಂಬ ಆಕ್ಷೇಪ ಕೊನೆಗೆ ಉಳಿಯುತ್ತದೆ. ನನ್ನ ನೆನಪಿನಲ್ಲಿರುವ ಸೊಗಸೆಲ್ಲ ಎಣಿಸಿ ಉಳಿಸಿಕೊಂಡ ಹೊತ್ತಿನಲ್ಲೇ ದಕ್ಕಿದ್ದು. ತಹಾನ್ ಹೊಳೆಯ ಎರಡೂ ದಡಗಳಲ್ಲಿ ನೆರಮ್ ಎಂಬ ಮರಗಳಿವೆ. ನೆಟ್ಟಗೆ ಬೆಳೆಯದೆ ನೀರಿನ ಮೇಲಕ್ಕೆ ಬಾಗಿ, ಆಚೆ ಈಚೆ ದಡದ ಮರಗಳ ತಲೆ ಕೂಡಿ ಹೊಳೆಗೆ ಚಪ್ಪರ ಹಾಕಿದಂತಿವೆ. ಕಾಂಡದ ತುಂಬ ಜರೀಗಿಡ, ಸೀತಾಳೆದಂಡೆ. ಎರಡು ರೆಕ್ಕೆಯ ಕಾಯಿ ನೀರಿಗೆ ಬಿದ್ದು ತೇಲಿಹೋಗಿ ಕೆಳಗೆಲ್ಲೋ ದಡ ಹತ್ತುತ್ತದೆ. ನಮ್ಮ ಘಟ್ಟದ ಧೂಪದ ಮರವೂ ಅದೇ ಕುಟುಂಬದ್ದು. ಇವುಗಳನ್ನು ಬೆಳಗಿನ ದೋಣಿಯಲ್ಲಿ, ನೀರಿನ ಎದುರು ನಿಧಾನವಾಗಿ ಹತ್ತುವಾಗ ನೋಡಿದಷ್ಟು ಚೆನ್ನಾಗಿ, ಸಂಜೆ ಹರಿವಿನ ಜತೆ ಸರ್ರನೆ ಇಳಿಯುವಾಗ ನೋಡಲಾಗದು. ದಾರಿಯಲ್ಲಿ ಲುಬುಕ್ ತೆನೋರ್ ಎಂಬ ಮಡುವಿನಲ್ಲಿ ಕೆಲಾಹ್ ಮೀನುಗಳಿಗೆ ರಕ್ಷಣೆಯಿದೆ, ಅಲ್ಲಿ ಮೀನು ಹಿಡಿಯುವಂತಿಲ್ಲ. ಕೆಲಾಹ್ ಮಹಸೀರ್ ಕುಲದ್ದು. ಶಿಶಿಲ, ಶೃಂಗೇರಿಯ ದೇವರ ಮೀನುಗಳಿಗೆ ಹತ್ತಿರದ ನೆಂಟ. ಕಾಲಿಗೆ ಮುತ್ತುವ ಆ ದಪ್ಪ ಹುರುಪೆಯ ಮೀನುಗಳ ನಡುವೆ ನಿಲ್ಲಲು ಅರ್ಧ ಗಂಟೆ ಬೇಕು, ಆ ಅರ್ಧ ಗಂಟೆ ಸಂಜೆಯ ದೋಣಿಯ ಆತಂಕದಲ್ಲಿರುವವರಿಗೆ ಸಿಗದು. ನಡಿಗೆಯ ಕೊನೆಯ ಭಾಗದ ಬಗ್ಗೆಯೂ ಹೇಳಬೇಕು. ಕಚೇರಿ ಹತ್ತಿರವಾದಂತೆ ದಾರಿ ಹಸನಾಗುತ್ತದೆ, ಕೊನೆಗೆ ಮರದ ಹಲಗೆಯ ದಾರಿ ಸಿಗುತ್ತದೆ, ಜನರ ಮಾತು ಕೇಳಿಸುತ್ತದೆ. ದಣಿದ ಕಾಲಿಗೆ ದಿನದ ಅತಿ ಸುಲಭದ ಭಾಗ ಕೊನೆಗೆ ಬರುವುದು ಈ ಕ್ರಮದಲ್ಲಿ ಮಾತ್ರ. ಅಲ್ಲಿನ ಫಲಕಗಳಲ್ಲಿ ಬರೆದಿರುವ ‘13 ಕೋಟಿ ವರ್ಷ ಹಳೆಯ ಕಾಡು’ ಎಂಬ ಹೆಮ್ಮೆಯನ್ನು ನಾನು ಅಷ್ಟಾಗಿ ನಂಬುವವನಲ್ಲ. ಅಷ್ಟು ದೀರ್ಘಕಾಲದಲ್ಲಿ ಮರಗಳ ಜಾತಿಗಳೇ ಬದಲಾಗಿರುತ್ತವೆ. ಆದರೆ 1938-39ರಲ್ಲಿ ಪಹಾಂಗ್, ಕೆಲಂತಾನ್, ತೆರೆಂಗಾನು ಸುಲ್ತಾನರು ಸೇರಿ ಬಿಟ್ಟುಕೊಟ್ಟ 4,343 ಚದರ ಕಿ.ಮೀ. ಇನ್ನೂ ಕಾಡಾಗಿಯೇ ಉಳಿದಿದೆ. ಥಿಯೊಡೋರ್ ಹಬ್ಬಕ್ ಎಂಬ ಬೇಟೆಗಾರ ವನ್ಯಜೀವಿ ವಾರ್ಡನ್ ಆಗಿ, ವರ್ಷಗಟ್ಟಲೆ ಹಠ ಹಿಡಿದು ಕೇಳಿದ್ದರ ಫಲವದು. ಆ ಕಾಡಿಗೆ ಒಂದು ದಿನ ಕೊಡುವವರು ಅದನ್ನು ಸರಿಯಾಗಿ ಕೊಡಬೇಕು.

ಹೋಗುವವರಿಗೆ ಇಷ್ಟು ಹೇಳಬಲ್ಲೆ. ನವೆಂಬರಿನಿಂದ ಜನವರಿ ಕೊನೆಯವರೆಗೆ ಈ ಹೊಳೆಯ ಚಾರಣ ಯಾವ ಕ್ರಮದಲ್ಲೂ ಬೇಡ. ಉಳಿದ ತಿಂಗಳುಗಳಲ್ಲಿ, ಹಿಂದಿನ ಸಂಜೆಯೇ ಕಚೇರಿಯಲ್ಲಿ ದಾರಿಯ ಸ್ಥಿತಿ ವಿಚಾರಿಸಿ, ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಂಡು, ದೋಣಿಯವರೊಂದಿಗೆ ಕಾಯುವ ಹೊತ್ತು, ಇಳಿಸುವ ದಡ ಎರಡನ್ನೂ ಸ್ಪಷ್ಟವಾಗಿ ಮಾತಾಡಿ. ತಲೆಗೆ ಮೂರು ಲೀಟರ್ ನೀರು, ಹಗಲೇ ಹಿಂದಿರುಗುವುದಾದರೂ ಹಣೆಗೆ ಕಟ್ಟುವ ಟಾರ್ಚು, ನೀರು ಒಳಗೆ ಹೋಗದ ಚೀಲ, ಉಪ್ಪಿನ ಗಂಟು, ರಬ್ಬರಿನ ಶೂ ಇರಲಿ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ. ಬೆಳಿಗ್ಗೆ ಸಂಗಮದಲ್ಲಿ ತಹಾನಿನ ನೀರು ಚಹಾದ ಬಣ್ಣದಲ್ಲಿದ್ದರೆ ಎಂಟೂವರೆಗೆ ಹೊರಡಿ. ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ ಲಾತಾ ಬೆರ್ಕೊ ಬಿಟ್ಟುಬಿಡಿ. ಕಚೇರಿಯ ಹಿಂದಿನಿಂದಲೇ ಬುಕಿತ್ ತೆರೆಸೆಕ್ ಎಂಬ 334 ಮೀಟರ್ ಎತ್ತರದ ಗುಡ್ಡಕ್ಕೆ ದಾರಿಯಿದೆ, ಅದಕ್ಕೆ ದೋಣಿ ಬೇಡ.